ಮರೆ ಹೋದ ಸೈಕಲ್ಲುಗಳು

ಬೆಚ್ಚಿ ಬೀಳಬೇಕು ಅಂತ ಆಸೆ ಇರುವವರು ಹುಲಿ ಹುಡುಕಿಕೊಂಡು ಕಾಡಿಗೆ ಹೋಗಬೇಕಾಗಿಲ್ಲ. ಸೈಕಲ್ ರಿಪೇರಿ ಅಂಗಡಿಯಲ್ಲಿ ಒಂದು ಹೊತ್ತು ಕೂತರೆ ಸಾಕು, ತೆರೆದ ಬಾಯಿ ಮುಚ್ಚುವುದಕ್ಕೆ ಪುರುಸೊತ್ತು ಸಿಗುವುದಿಲ್ಲ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಮಂಡ್ಯದಲ್ಲಿ ಗುತ್ತಲಿಗೆ ಹೋಗುವ ರಸ್ತೆಯ ಪಕ್ಕ ನಮ್ಮ ಅಂಗಡಿ. ನಮ್ಮ ಅಂದರೆ ನನ್ನದು ಮತ್ತು ಉಸ್ತಾದರದು. ಅವರು ತಾತನ ಕಾಲದಿಂದ ಕಬ್ಬಿಣದ ಕೆಲಸ ಮಾಡಿಕೊಂಡು ಬಂದ ಮನೆಯವರು. ನಾನು ನೇಗಿಲು ಬಿಟ್ಟು ಸ್ಪ್ಯಾನರ್ ಹಿಡಿದ ಒಕ್ಕಲು ಮಗ. ಊರೆಲ್ಲ ಅವರನ್ನು ಸಾಯ್ಬ್ರೇ ಅನ್ನುತ್ತಿತ್ತು. ನಾನು ಅವರನ್ನು ಉಸ್ತಾದ್ ಅನ್ನುತ್ತಿದ್ದೆ, ಅವರು ನನ್ನನ್ನು ಗೌಡ ಅನ್ನುತ್ತಿದ್ದರು.

ಆಗ ಹೊಸ ಬೋಲ್ಟು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಇದ್ದಬದ್ದ ಕಬ್ಬಿಣವೆಲ್ಲ ಯುದ್ಧಕ್ಕೆ ಹೋಗಿತ್ತು. ಜನ ಹಳೇ ಬೋಲ್ಟನ್ನೇ ಬಿಗಿದು ಬಿಗಿದು, ಕೊನೆಗೆ ಅದು ಕೂರುವ ತೂತನ್ನೇ ಕೆಡಿಸಿಕೊಂಡು ಬರುತ್ತಿದ್ದರು. ಬೋಲ್ಟಿನ ಮೈಮೇಲೆ ಸುತ್ತಿಕೊಂಡು ಹೋಗುವ ಗೀರು, ತೂತಿನೊಳಗಿನ ಗೀರು, ಎರಡಕ್ಕೂ ನಮ್ಮ ಕಸುಬಿನಲ್ಲಿ ‘ಮರೆ’ ಅನ್ನುತ್ತಾರೆ. ಫ್ರೇಮಿನ ಮರೆ ಹೋದರೆ ಉಸ್ತಾದರು ತೂತು ದೊಡ್ಡದು ಮಾಡಿ, ಒಳಗೊಂದು ಹಿತ್ತಾಳೆ ಬಳೆ ಕೂರಿಸಿ, ಬೆಸುಗೆ ಹಾಕಿ, ಅದರೊಳಗೆ ಹೊಸ ಮರೆ ಕೊರೆಯುತ್ತಿದ್ದರು. ಕೆಲಸ ಕಷ್ಟದ್ದು, ಆದರೆ ಅದರಲ್ಲಿ ಗಾಬರಿ ಏನೂ ಇರಲಿಲ್ಲ. ಗಾಬರಿಯೆಲ್ಲ ಗಿರಾಕಿಗಳ ಜೊತೆಗೇ ಬರುತ್ತಿತ್ತು.

ಕಳುವಾದ ಮಾಲು

ಮದ್ದೂರಿನಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಯಜಮಾನರೊಬ್ಬರಿದ್ದರು. ಅವರು ಸೈಕಲ್ ಹತ್ತಿದರೆ ಮೇಲೆ ಯಜಮಾನರು ಕಾಣುತ್ತಿದ್ದರು, ಕೆಳಗೆ ಎರಡು ಚಕ್ರ ಕಾಣುತ್ತಿದ್ದವು, ನಡುವೆ ಸೈಕಲ್ ಇದೆ ಅಂತ ನಾವು ನಂಬಿಕೊಳ್ಳಬೇಕಾಗಿತ್ತು. ಒಂದು ದಿನ ಬಂದು, “ಮದ್ದೂರು ಬುಡುವಾಗ ಸೀಟು ಮ್ಯಾಕಿರ್ತದೆ, ಮಂಡ್ಯ ಸೇರೋ ಒತ್ಗೆ ಮೊಣಕಾಲು ಗದ್ದಕ್ಕೆ ಬಡೀತದೆ, ನೋಡ್ರಪ್ಪ” ಅಂತ ಸೈಕಲ್ ಒರಗಿಸಿ ತಮ್ಮ ಕೆಲಸಕ್ಕೆ ಹೋದರು. ನೋಡಿದೆ. ಸೀಟಿನ ಕಂಬ ಹಿಡಿದುಕೊಳ್ಳುವ ಬೋಲ್ಟು ಬಿಗಿಯುತ್ತಲೇ ಇಲ್ಲ, ಫ್ರೇಮಿನ ತೂತಿನಲ್ಲಿ ಗೀರು ಅನ್ನುವುದೇ ಉಳಿದಿಲ್ಲ.

ಅವರು ವಾಪಸು ಬಂದಾಗ ಹೇಳಿದೆ: “ಯಜಮಾನ್ರೇ, ನಿಮ್ಮ ಸೈಕಲ್ ಮರೆ ಓಗ್ಬುಟ್ಟದೆ.”

“ಓಗ್ಬುಟ್ಟದಾ? ಎಲ್ಲಿಗೋಯ್ತು?”

“ಎಲ್ಲಿಗೆ ಅಂತ ಏನ್ ಯೋಳನ. ಓಯ್ತು, ಅಷ್ಟೆ.”

“ಈಗ್ತಾನೆ ಬುಟ್ಟೋಗಿದ್ನಲ್ಲಯ್ಯ! ನೀವಿಬ್ರೂ ಇಲ್ಲೇ ಇದ್ರಾ?”

“ಇಲ್ಲೇ ಇದ್ವಿ.”

ಯಜಮಾನರು ನಮ್ಮಿಬ್ಬರ ಮುಖವನ್ನೂ ಒಂದು ಸಲ ನೋಡಿ ಹೊರಟುಹೋದರು. ಕಾಫಿಗೆ ಹೋದರು ಅಂದುಕೊಂಡೆವು. ಹೋದವರು ದಫೇದಾರರನ್ನು ಕರೆದುಕೊಂಡು ಬಂದರು.

ದಫೇದಾರರು ಲಾಠಿ ಬೆಂಚಿನ ಮೇಲಿಟ್ಟು, “ಮರೆ ಎಲ್ರಲಾ?” ಅಂದರು. ಜನ ಸೇರಿದರು. ಗುಂಪಿನಲ್ಲಿದ್ದ ಒಬ್ಬ, “ನಂದೂ ಓದ ವಾರ ಓಯ್ತು ಸಾಮಿ” ಅಂದ. ಇನ್ನೊಬ್ಬ, “ನಮ್ಮಣ್ಣಂದೂ ಓಗದೆ” ಅಂದ. ದಫೇದಾರರ ಕಣ್ಣು ಅಗಲವಾಯಿತು. “ಓಹೋ, ಅಂಗಾರೆ ಇದು ದೊಡ್ಡ ಗ್ಯಾಂಗೇ!” ಅಂತ ಬೆಲ್ಟು ಸರಿಮಾಡಿಕೊಂಡರು. “ಯಜಮಾನ್ರೇ, ನಿಮ್ಮ ಮರೆಗೆ ಏನ್ ಬಣ್ಣ? ಗುರುತು ಏನಾರ ಅದಾ?”

ಆಗ ಉಸ್ತಾದರು ಕಬ್ಬಿಣ ಉಜ್ಜುತ್ತಿದ್ದ ಅರ ಕೆಳಗಿಟ್ಟು, ದಫೇದಾರರ ಕಿರುಬೆರಳು ಹಿಡಿದು ಆ ತೂತಿನೊಳಗೆ ಇಟ್ಟರು. “ತಡವಿ ನೋಡಿ ಸಾಮಿ. ಗೀರು ಇರ್ಬೇಕಾಗಿತ್ತು, ಇಲ್ಲ. ಇದ್ದ ಜಾಗದಾಗೇ ಸವೆದೋಗದೆ. ಮರೆ ಅಂದ್ರೆ ಅದೇ.”

ದಫೇದಾರರಿಗೆ ವಿಷಯ ತಿಳಿಯಿತು. ಆದರೆ ಇಷ್ಟು ಜನರ ಮುಂದೆ ಬರಿಗೈಲಿ ಹೋಗುವುದು ಹೇಗೆ? ಗಂಟಲು ಸರಿಮಾಡಿಕೊಂಡು, “ಆಯ್ತು. ಅದನ್ನ ಸವೆಸ್ದೋನು ಯಾರು? ಅವನ್ನ ತೋರ್ಸಿ” ಅಂದರು.

ಉಸ್ತಾದರು ಯಜಮಾನರನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದರು.

“ದೂರು ಕೊಟ್ಟೋರೇ ಸಾಮಿ. ಕೂತ್ಕಂಡು ಕೂತ್ಕಂಡು ಸವೆಸವ್ರೆ.”

ಟಗರಿಗೆ ಕುರ್ಚಿ

ಬಂಡೂರಿನ ಕುರಿ ನೋಡಿದವರಿಗೆ ಗೊತ್ತು. ಗಿಡ್ಡ ಕಾಲು, ದುಂಡು ಮೈ, ಇಟ್ಟ ಕಡೆ ಇರುವ ಸಾಧು ಪ್ರಾಣಿ. ಆ ಕಡೆಯ ರೈತನೊಬ್ಬ ಯುಗಾದಿಯ ಮಾರನೇ ದಿನದ ಬಾಡೂಟಕ್ಕೆ, ಹೊಸತೊಡಕಿಗೆ ಅಂತ ಒಂದು ಟಗರನ್ನು ಕ್ಯಾರಿಯರಿನ ಮೇಲೆ ಕೂರಿಸಿ, ಹುರಿಹಗ್ಗದಲ್ಲಿ ಬಿಗಿದುಕೊಂಡು ಬಂದ. ಮಂಡ್ಯ ದಾಟಿ ಮುಂದಿನ ರೈಲ್ವೆ ಸ್ಟೇಷನ್ನಿನ ಪಕ್ಕದ ಹಳ್ಳಿಯಲ್ಲಿ ಅವನ ಮಾವನ ಮನೆ. ಮಾವ ಹೋದ ವರ್ಷದ ಹಬ್ಬದಿಂದ ಅಳಿಯನ ಜೊತೆ ಮಾತು ಬಿಟ್ಟಿದ್ದ. ಅಪ್ಪನ ಪಕ್ಷ ವಹಿಸಿ ಹೆಂಡತಿಯೂ ತವರು ಸೇರಿದ್ದಳು. ಈ ಟಗರು ಒಪ್ಪಿಸಿ, ರಾಜಿಯಾಗಿ, ಹೆಂಡತಿಯನ್ನು ಕರೆದುಕೊಂಡು ಬರಬೇಕು. ದಾರಿಯಲ್ಲಿ ಕ್ಯಾರಿಯರ್ ಬೋಲ್ಟು ಕೂರುವ ಫ್ರೇಮಿನ ಮರೆ ಹೋಗಿ, ಟಗರು ಎಡಕ್ಕೂ ಬಲಕ್ಕೂ ತೊಟ್ಟಿಲಿನ ಹಾಗೆ ತೂಗಾಡುತ್ತಿತ್ತು.

“ಟಗರು ಇಳಿಸಪ್ಪ, ಬೋಲ್ಟು ಬಿಚ್ಬೇಕು” ಅಂದೆ.

“ಇಳಿಸುದ್ರೆ ಮತ್ತೆ ಅತ್ತಾಕಿಲ್ಲ ಕಣಣ್ಣ. ಬೆಳಗ್ಗೆ ಅತ್ತಿಸಾಕೇ ಇಡೀ ಕೇರಿ ಬಂದಿತ್ತು. ಅಂಗೇ ಬಿಚ್ಚು, ಪಾಪದ್ದು ಅದು.”

ಹಾಗೇ ಬಿಚ್ಚಿದೆ. ಟಗರು ಕಣ್ಣು ಅರೆ ಮುಚ್ಚಿ ಮೆಲುಕು ಹಾಕುತ್ತಿತ್ತು. ಕೊನೆಯ ಬೋಲ್ಟು ಕೈಗೆ ಬಂತು ನೋಡಿ, ಆ ಸಾಧು ಪ್ರಾಣಿ ಕ್ಯಾರಿಯರ್ ಸಮೇತ ನೆಲಕ್ಕೆ ಬಿತ್ತು, ಉರುಳಿತು, ಎದ್ದಿತು. ಕ್ಯಾರಿಯರ್ ಬೆನ್ನ ಮೇಲೆ ಬಂದಿತ್ತು, ಹಗ್ಗ ಬಿಗಿಯಾಗಿಯೇ ಇತ್ತು. ಜೀನು ಕಟ್ಟಿದ ಕುದುರೆಯ ಹಾಗೆ ಒಂದು ಸಲ ನಮ್ಮ ಕಡೆ ತಿರುಗಿ ನೋಡಿ, ಸ್ಟೇಷನ್ನಿನ ಕಡೆಗೆ ಓಟ ಕಿತ್ತಿತು. ರೈತ ಪಂಚೆ ಎತ್ತಿ ಕಟ್ಟಿಕೊಂಡು ಅದರ ಹಿಂದೆ ಓಡಿದ. ಅವನ ಹಿಂದೆ ನಾನು ಓಡಿದೆ.

ಮೈಸೂರಿಗೆ ಹೋಗುವ ರೈಲು ನಿಂತಿತ್ತು. ಗಲಾಟೆಗೆ ಹೆದರಿದ ಟಗರು ಪ್ಲಾಟ್‌ಫಾರಮ್ಮಿನಿಂದ ನೇರವಾಗಿ ಡಬ್ಬಿಯೊಳಕ್ಕೆ ನೆಗೆಯಿತು. “ಬಂಡೂರಮ್ಮಾ!” ಅಂತ ಊರದೇವತೆಯನ್ನು ಕೂಗಿ ಅವನೂ ನೆಗೆದ. ರೈಲು ಸಿಳ್ಳೆ ಹಾಕಿ ಹೊರಟೇ ಹೋಯಿತು. ಕೈಯಲ್ಲಿ ಬೋಲ್ಟು ಹಿಡಿದುಕೊಂಡು ನಾನು ಪ್ಲಾಟ್‌ಫಾರಮ್ಮಿನಲ್ಲಿ ಕಂಬದ ಹಾಗೆ ನಿಂತೆ. ಒಂದು ಸಂಸಾರ ಸೇರಬೇಕಾಗಿದ್ದನ್ನು ಸ್ಪ್ಯಾನರಿನಲ್ಲಿ ಬಿಚ್ಚಿ ಹಾಕಿದೆನಲ್ಲ ಅಂತ ಹಬ್ಬದ ದಿನ ಊಟವೇ ಸೇರಲಿಲ್ಲ.

ಹಬ್ಬ ಕಳೆದ ಮೇಲೆ ಅವನು ಸೈಕಲ್ ಒಯ್ಯಲು ಬಂದ. ಕೈಯಲ್ಲಿ ಕ್ಯಾರಿಯರ್ ಇತ್ತು, ಜೊತೆಯಲ್ಲಿ ಹೆಂಡತಿಯೂ ಇದ್ದಳು! “ಏನಪ್ಪ ಆಯ್ತು?” ಅಂದೆ.

“ಆ ಡಬ್ಬೀಲೇ ನಮ್ಮಾವ ಕೂತಿದ್ದ ಕಣಣ್ಣ, ಮದ್ದೂರಿಂದ ಊರಿಗೆ ಓಯ್ತಿದ್ನಂತೆ. ಟಗರು ಓಗಿ ಅವನ ಮಂಡಿಗೇ ತಲೆ ಕೊಟ್ಟು ನಿಂತ್ಕತ್ತು. ಇಂದುಗಡೆ ನಾನು. ಮಾವ ಅಂಗೇ ನೋಡ್ದ, ಇಂಗೆ ನೋಡ್ದ. ಆಮೇಕೆ ಇಡೀ ಡಬ್ಬಿಗೆ ಕೇಳೋ ಅಂಗೆ ಕೂಗ್ದ, ‘ಎಲ್ರೂ ನೋಡ್ರಪ್ಪ! ಅಳೀಮಯ್ಯದೀರು ಟಗರು ಕೊಡೋದು ಕಂಡೀವ್ನಿ. ಕುರ್ಚಿ ಸಮೇತ ಕೊಟ್ಟೋನು ನಮ್ಮ ಅಳಿಯ ಒಬ್ನೇಯ!’”

ನಿಲ್ಲದ ನರ್ಸಮ್ಮ

ಮಳವಳ್ಳಿ ಸಂತೆಗೆ ನಾವು ಸಾಮಾನಿನ ಪೆಟ್ಟಿಗೆ ಹೊತ್ತುಕೊಂಡು ಇದ್ದಿಲು ಬಸ್ಸಿನಲ್ಲಿ ಹೋಗುತ್ತಿದ್ದೆವು. ಪೆಟ್ರೋಲು ಇಲ್ಲದೆ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು, ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಕಾಲ ಅದು. ಬಸ್ಸಿಂದ ಇಳಿದರೆ ನಮ್ಮ ಮುಖ ನಮಗೇ ಗುರುತು ಸಿಗುತ್ತಿರಲಿಲ್ಲ.

ಒಂದು ಸಂತೆಯ ದಿನ ಆಸ್ಪತ್ರೆಯ ನರ್ಸಮ್ಮ ಸೈಕಲ್ ತಳ್ಳಿಕೊಂಡು ಓಡೋಡಿ ಬಂದರು. ಹೆಂಗಸು ಸೈಕಲ್ ಹೊಡೆಯುವುದೇ ಆ ಕಡೆಗೆ ದೊಡ್ಡ ಸುದ್ದಿ. ಅವರು ಬಂದರೆ ಸಂತೆಯಲ್ಲಿ ತಕ್ಕಡಿಗಳು ಗಾಳಿಯಲ್ಲೇ ನಿಂತುಬಿಡುತ್ತಿದ್ದವು. ಅವರ ಹಿಂದೆ ಒಬ್ಬ ಅಳುತ್ತಾ ಬಂದ. ಅವನ ಹೆಂಡತಿಗೆ ನೋವು ಬಂದು ಬಹಳ ಹೊತ್ತಾಗಿತ್ತು, ಮಗು ಅಡ್ಡ ಇದೆ ಅಂತ ಸೂಲಗಿತ್ತಿ ಕೈಚೆಲ್ಲಿದ್ದಳು.

ಪೆಡಲಿನ ಇರುಸನ್ನು ಫ್ರೇಮಿನಲ್ಲಿ ಹಿಡಿದಿರುವ ಬಟ್ಟಲಿನ ಮರೆ ಹೋಗಿ, ಪೆಡಲು ತುಳಿದರೆ ಇರುಸೇ ಹೊರಗೆ ಇಣುಕುತ್ತಿತ್ತು. ಉಸ್ತಾದರು ನೋಡಿ, “ಬಳೆ ಕೂರ್ಸಬೇಕಮ್ಮ, ಸಂಜೆ ಆಯ್ತದೆ” ಅಂದರು.

“ಸಂಜೆವರೆಗೂ ಮಗು ಕಾಯುತ್ತೇನ್ರಿ?” ಅಂದರು ನರ್ಸಮ್ಮ.

ಉಸ್ತಾದರು ಸೀಮೆಎಣ್ಣೆ ಡಬ್ಬದಿಂದ ಒಂದು ತಗಡಿನ ಪಟ್ಟಿ ಕತ್ತರಿಸಿ, ಬಟ್ಟಲಿನ ಸುತ್ತ ಸುತ್ತಿ, ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡಿದರು. “ಅಮ್ಮಾ, ಮುಂದಕ್ಕೇ ತುಳೀತಾ ಇರಿ. ಇಂದಕ್ಕೆ ತುಳಿದ್ರೆ ಬಿಚ್ಕಳ್ತದೆ” ಅಂದರು. ಅರ್ಧ ಮಾತು ಕೇಳುವಷ್ಟರಲ್ಲೇ ನರ್ಸಮ್ಮ ಹತ್ತಿ ಹೊರಟುಹೋಗಿದ್ದರು.

ಮುಂದಿನ ಸಂತೆಯಲ್ಲಿ ಆ ಗಂಡಸು ಸಿಕ್ಕಿದ. ಗಂಡು ಮಗುವಂತೆ, ತಾಯಿ ಮಗು ಕ್ಷೇಮವಂತೆ. ನಮಗೆ ಹೋದ ಜೀವ ಬಂತು. “ಆದ್ರೆ ಸಾಯ್ಬ್ರೇ, ನಮ್ಮೂರೋರು ಎದ್ರುಕೊಂಬುಟ್ರು” ಅಂದ.

ಉಸ್ತಾದರು ಮುಂದಕ್ಕೇ ತುಳೀತಾ ಇರಿ ಅಂದದ್ದನ್ನು ನರ್ಸಮ್ಮ, ತುಳಿಯುವುದನ್ನು ನಿಲ್ಲಿಸಲೇ ಬಾರದು ಅಂತ ತಿಳಿದುಕೊಂಡಿದ್ದರು. ನಿಲ್ಲಿಸಿದರೆ ಸೈಕಲ್ ಬಿಚ್ಚಿಹೋಗಿ ತಾನು ಬಿದ್ದು, ಬಸುರಿಗೂ ತನಗೂ ಆಸ್ಪತ್ರೆ ಬೇಕಾದೀತು ಅನ್ನುವ ಭಯ. ಮನೆ ಸಿಕ್ಕಿತು, ಆದರೆ ಇಳಿಯಲಿಲ್ಲ. ಮನೆಯನ್ನೇ ಸುತ್ತತೊಡಗಿದರು. “ನೀರು ಕಾಯಿಸ್ರೀ!” ಅನ್ನುತ್ತಾ ಮುಂಬಾಗಿಲು ದಾಟಿದರು. “ಹಳೇ ಸೀರೆ ತನ್ರೀ!” ಅನ್ನುತ್ತಾ ಹಿತ್ತಿಲು ದಾಟಿದರು. “ಯಾರಾದ್ರೂ ಹಿಡ್ಕೊಳ್ರೀ ನನ್ನ!” ಅನ್ನುತ್ತಾ ಮತ್ತೆ ಮುಂಬಾಗಿಲಿಗೆ ಬಂದರು. ಪರಹೆಂಗಸನ್ನು ಹೇಗೆ ಹಿಡಿಯುವುದು ಅಂತ ಗಂಡಸರೆಲ್ಲ ಗೋಡೆಗೆ ಅಂಟಿಕೊಂಡರು. ಕೊನೆಗೆ ಹೆಂಗಸರೇ ಅಡ್ಡಗಟ್ಟಿ, ಸೈಕಲ್ ಸಮೇತ ಎತ್ತಿ ಒಳಗಿಟ್ಟರು. ಸ್ವಲ್ಪ ಹೊತ್ತಿನಲ್ಲೇ ಸಲೀಸಾಗಿ ಹೆರಿಗೆ ಆಯಿತು.

“ಒಳ್ಳೇದೇ ಆಯ್ತಲ್ಲಪ್ಪ, ಇನ್ನೇನು?” ಅಂದರು ಉಸ್ತಾದರು.

“ಅದಲ್ಲ ಸಾಯ್ಬ್ರೇ. ನಮ್ಮ ಮನೆ ಅಜ್ಜಿ, ‘ಸುಮ್ಕೆ ಆಗ್ನಿಲ್ಲ ಕಣ್ರವ್ವಾ, ಆಯಮ್ಮ ಪ್ರದಕ್ಸಿಣೆ ಆಕಿದ್ಕೇ ಮಗು ತಿರುಗ್ಕತ್ತು’ ಅಂತ ಊರಿಗೆಲ್ಲ ಸಾರವ್ಳೆ. ಈಗ ನರ್ಸಮ್ಮ ಯಾರ ಮನೆಗೆ ನಡ್ಕಂಡು ಬಂದ್ರೂ ಒಳಿಕೆ ಬುಡ್ತಾ ಇಲ್ಲ. ಓಗಿ ಸೈಕಲ್ ತಕ್ಕಂಬಾ ಅಂತವ್ರೆ.”

ಇನ್ನೂ ಅರ್ಧ ಸುತ್ತು

ಗರಡಿಯ ಪೈಲ್ವಾನರೊಬ್ಬರ ಸೈಕಲ್ಲಿನ ಮರೆ ನಿಲ್ಲುತ್ತಲೇ ಇರಲಿಲ್ಲ. ಕಾರಣ ಬೇರೇನೂ ಅಲ್ಲ, ಬೋಲ್ಟು ಎಷ್ಟು ಬಿಗಿಯಾಗಿದ್ದರೂ ಅವರಿಗೆ ಸಡಿಲ ಅನ್ನಿಸುತ್ತಿತ್ತು. ಅಂಗಡಿಯಿಂದ ಸೈಕಲ್ ಇಳಿಸುವ ಮೊದಲು, “ತಡೀರಿ, ನಾನೊಂದು ಕಿತ ನೋಡ್ತೀನಿ” ಅಂತ ಸ್ಪ್ಯಾನರ್ ತೆಗೆದುಕೊಳ್ಳುವರು. ಒಂದು ಸಣ್ಣ ಉಸಿರು ಬಿಡುವರು. ಕಿರಕ್ ಅನ್ನುವುದು. ಮರೆ ಹೋಯಿತು!

ಹೀಗೇ ಆಗಿ ಆಗಿ ಬೇಸತ್ತ ಉಸ್ತಾದರು ಒಂದು ದಿನ ಬೋಲ್ಟನ್ನೇ ಫ್ರೇಮಿಗೆ ಸೇರಿಸಿ ಬೆಸುಗೆ ಹಾಕಿಬಿಟ್ಟರು. “ಪೈಲ್ವಾನ್ರೇ, ಇನ್ನಿದು ಈ ಜನ್ಮದಾಗೆ ತಿರುಗಾಕಿಲ್ಲ” ಅಂದರು. ಅನ್ನಬಾರದಾಗಿತ್ತು. ಪೈಲ್ವಾನರು ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ತೊಡೆ ತಟ್ಟಿದರು. ಅಂಗೈಗೆ ಮಣ್ಣು ಹಚ್ಚಿಕೊಂಡು ಸ್ಪ್ಯಾನರ್ ಹಿಡಿದರು. ಕತ್ತಿನ ನರ ಉಬ್ಬಿತು, ಎದುರಿನ ಅಂಗಡಿಯವರು ಬಾಗಿಲಿಗೆ ಬಂದರು. ಬೋಲ್ಟು ಅಲ್ಲಾಡಲಿಲ್ಲ. ಆದರೆ ಕಬ್ಬಿನ ಜಲ್ಲೆ ಮುರಿದಂಥ ಒಂದು ಸದ್ದಾಗಿ, ಕಣ್ಣೆದುರಿಗೇ ಫ್ರೇಮಿನ ಕೊಳವೆ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿತು. ಮುಂದಿನ ಚಕ್ರ ಮೈಸೂರಿನ ಕಡೆ ನೋಡಿತು, ಹಿಂದಿನದು ಮದ್ದೂರಿನ ಕಡೆ.

ಪೈಲ್ವಾನರು ಬೆವರು ಒರೆಸಿಕೊಂಡು ಬಹಳ ಸಂತೋಷದಿಂದ ಹೇಳಿದರು: “ನಾನ್ ಯೋಳ್ನಿಲ್ವಾ ಸಾಯ್ಬ್ರೇ? ಇನ್ನೂ ಅರ್ಧ ಸುತ್ತು ಜಾಗ ಇತ್ತು!”

ಸೈಕಲ್ ಮೇಲೆ ಬಂದ ಗಂಡು

ಇದು ಮಾತ್ರ ನೆನೆಸಿಕೊಂಡರೆ ಈಗಲೂ ನಾನು ಇಳಿಜಾರಿನಲ್ಲಿ ಸೈಕಲ್ ಹತ್ತುವುದಿಲ್ಲ.

ಗುತ್ತಲಿನ ಒಬ್ಬ ಹುಡುಗನಿಗೆ ಸೈಕಲ್ ಅಂದರೆ ಪ್ರಾಣ. ಮದ್ದೂರಿನ ಹೆಣ್ಣು ಗೊತ್ತಾದಾಗ, “ಹಸೆಮಣೆಗೆ ಹೋಗೋದಾದ್ರೆ ನನ್ನ ಸೈಕಲ್ ಮೇಲೇ” ಅಂತ ಹಟ ಹಿಡಿದ. ಉಸ್ತಾದರಿಗೂ ನನಗೂ ಮದುವೆಗೆ ಕರೆ ಬಂತು. ಗಂಡಿನ ಕಡೆಯವರು ಮದ್ದೂರಿನಲ್ಲಿ ಬಿಡದಿ ಇಳಿದಿದ್ದ ಮನೆ ಬೀದಿಯ ಮೇಲ್ಗಡೆ ಇತ್ತು. ಅಲ್ಲಿಂದ ಬೀದಿ ಇಳಿಜಾರಾಗಿ ಹೋಗಿ, ಕೊನೆಯಲ್ಲಿ ಎಡಕ್ಕೆ ತಿರುಗಿದರೆ ಹೆಣ್ಣಿನ ಮನೆ. ತಿರುಗದೆ ನೇರ ಹೋದರೆ ಬೇರೆಯವರ ಮನೆ, ಅವತ್ತು ಅಲ್ಲೂ ಮದುವೆ. ಅಲ್ಲೂ ಚಪ್ಪರ, ಅಲ್ಲೂ ವಾಲಗ.

ಸೈಕಲ್ಲಿಗೆ ಹೂವು ಸುತ್ತಿ, ಹುಡುಗನಿಗೆ ಬಾಸಿಂಗ ಕಟ್ಟಿ, ಮುಖದ ಮೇಲೆ ಹೂವಿನ ಮುಸುಕು ಇಳಿಬಿಟ್ಟರು. ಹೊರಡುವ ಹೊತ್ತಿಗೆ ಹ್ಯಾಂಡಲ್ ಕೈಗೆ ಬರುತ್ತಿದೆ! ಒಳಗಿನ ಬೋಲ್ಟಿನ ಮರೆ ಹೋಗಿತ್ತು. ಸಾಮಾನೆಲ್ಲ ಮಂಡ್ಯದಲ್ಲಿ. ಉಸ್ತಾದರು ಜರಿ ಟೋಪಿ ನನ್ನ ಕೈಗೆ ಕೊಟ್ಟು, ತೆಂಗಿನ ನಾರು ಸುತ್ತಿ ಬೋಲ್ಟು ತಿರುಗಿಸಿ, “ನೇರ ಹೋಗು ಮಗಾ. ತಿರುವಿನಾಗೆ ಇಳಿದು ನಡೆದ್ಬುಡು” ಅಂದರು. ಹುಡುಗ ತಲೆ ಆಡಿಸಿದ. ವಾಲಗ ಶುರುವಾಯಿತು.

ಇಳಿಜಾರಿನಲ್ಲಿ ಸೈಕಲ್ ವಾಲಗದವರನ್ನು ಹಿಂದೆ ಹಾಕಿತು. ತಿರುವು ಬಂತು. ಇಳಿಯುವುದಕ್ಕೆ ಆಗಲಿಲ್ಲ, ಹುಡುಗ ಹ್ಯಾಂಡಲ್ ಎಡಕ್ಕೆ ತಿರುಗಿಸಿದ. ಹ್ಯಾಂಡಲ್ ತಿರುಗಿತು, ಸೈಕಲ್ ತಿರುಗಲಿಲ್ಲ. ಬ್ರೇಕ್ ಹಿಡಿಯೋಣ ಅಂತ ಎಳೆದರೆ ಹ್ಯಾಂಡಲ್ಲೇ ಮೇಲಕ್ಕೆದ್ದು ಕೈಗೆ ಬಂತು! ಅದನ್ನು ಎದೆಗವಚಿಕೊಂಡು ಹುಡುಗ ನೇರವಾಗಿ ಎದುರಿನ ಚಪ್ಪರದೊಳಕ್ಕೆ ಹೋದ.

ಉಸ್ತಾದರೂ ನಾನೂ ಓಡಿದೆವು. ತಲೆ ಒಡೆದಿರುತ್ತದೆ, ಮದುವೆ ನಿಂತಿರುತ್ತದೆ ಅಂದುಕೊಂಡೆ. ಚಪ್ಪರದೊಳಗೆ ಇಣುಕಿದರೆ ಕಂಡದ್ದೇ ಬೇರೆ. ಹುಡುಗ ಹುಲ್ಲುಚಾಪೆಗಳ ರಾಶಿಗೆ ಮೆತ್ತಗೆ ಬಡಿದು ನಿಂತಿದ್ದ. ಅವನಿಗೆ ಆರತಿ ಆಗಿತ್ತು, ಕಾಲು ತೊಳೆದಾಗಿತ್ತು, ಹಸೆಮಣೆಯ ಮೇಲೆ ಕೂರಿಸಿಯೂ ಆಗಿತ್ತು! ಪಕ್ಕದಲ್ಲಿ ಯಾರದೋ ಹೆಣ್ಣು. ಅವನು ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ಮುತ್ತೈದೆಯರು ಅದಕ್ಕೆ ಬೆಲ್ಲ ಹಾಕುತ್ತಿದ್ದರು.

ಆಮೇಲೆ ತಿಳಿಯಿತು. ಆ ಮನೆಯ ಗಂಡು, ಮಾವ ಸೈಕಲ್ ಕೊಡಿಸುವ ತನಕ ಹಸೆಮಣೆ ಏರುವುದಿಲ್ಲ ಅಂತ ಬೆಳಗ್ಗೆಯಿಂದ ತನ್ನ ಬಿಡದಿಯಲ್ಲೇ ಮುನಿಸಿಕೊಂಡು ಕೂತಿದ್ದ. ಯುದ್ಧದ ಕಾಲದಲ್ಲಿ ಸೈಕಲ್ ಎಲ್ಲಿಂದ ತರುವುದು? ಹೆಣ್ಣಿನ ಅಪ್ಪ ಬೇಡಿ ಬೇಡಿ ಸೋತಿದ್ದ. ಮುಹೂರ್ತ ಮೀರುತ್ತಿತ್ತು. ಅಷ್ಟರಲ್ಲಿ ಬಾಸಿಂಗ ಕಟ್ಟಿದ ಗಂಡೊಬ್ಬ ಹೂವಿನ ಸೈಕಲ್ ಮೇಲೆ ಚಪ್ಪರದೊಳಕ್ಕೇ ನುಗ್ಗಿದರೆ ಯಾರು ತಾನೇ ಬೇರೆ ಯೋಚನೆ ಮಾಡುತ್ತಾರೆ?

ಹೆಣ್ಣು ಮಾತ್ರ ಓರೆಗಣ್ಣಲ್ಲಿ ನೋಡಿ, “ಅಪ್ಪಾ, ಇವ್ರು ಅವರಲ್ಲ” ಅಂದಳು. ವಾಲಗ ನಿಂತಿತು. ಹೆಣ್ಣಿನ ಅಪ್ಪ ಮುಸುಕು ಸರಿಸಿದ. ಇನ್ನು ಏಟು ಬಿತ್ತು ಅಂತ ನಾನು ಕಣ್ಣು ಮುಚ್ಚಿದೆ.

“ಯಾರ್ಲಾ ನೀನು?”

“ಪಕ್ಕದ ಮನೆ ಗಂಡು” ಅಂದ ಹುಡುಗ ಬೆಲ್ಲ ನುಂಗಿ.

“ಸೈಕಲ್ ನಿಂದೇಯಾ?”

“ನಂದೇಯ.”

“ಮಾವನ್ನ ಏನಾರ ಕೇಳೀಯಾ?”

“ನನ್ನ ಬುಟ್ಬುಟ್ರೆ ಸಾಕು ಸಾಮಿ!”

ಹೆಣ್ಣಿನ ಅಪ್ಪ ಚಪ್ಪರದ ಕಡೆ ತಿರುಗಿದ. “ಸೈಕಲ್ಲು ಅವನದೇ, ಏನೂ ಕೇಳಾಕಿಲ್ವಂತೆ. ಯಾರಾದ್ರೇನು ಬುಡ್ರಪ್ಪ, ಬಾರ್ಸ್ರೀ ವಾಲಗ!”

ಉಸ್ತಾದರು “ಯಾ ಅಲ್ಲಾ” ಅಂತ ಕಂಬ ಹಿಡಿದುಕೊಂಡರು. ನಾನು ಒಳಗೆ ನುಗ್ಗಿ ಹುಡುಗನ ರಟ್ಟೆ ಹಿಡಿದೆ. ಆ ಕಡೆಯಿಂದ ನಾಲ್ಕು ಜನ ಅವನ ಇನ್ನೊಂದು ರಟ್ಟೆ ಹಿಡಿದರು. ಅಷ್ಟರಲ್ಲಿ ಹೊರಗೆ ಧಬಧಬ ಸದ್ದಾಯಿತು. ಯಾರೋ ಸುದ್ದಿ ಮುಟ್ಟಿಸಿದ್ದರು. ಮುನಿಸಿಕೊಂಡಿದ್ದ ಗಂಡು ಬರಿಗಾಲಲ್ಲಿ, ಒಂದು ಕೈಯಲ್ಲಿ ಪಂಚೆ, ಇನ್ನೊಂದು ಕೈಯಲ್ಲಿ ಬಾಸಿಂಗ ಹಿಡಿದುಕೊಂಡು ಓಡಿ ಬಂದವನೇ ನಮ್ಮ ಹುಡುಗನನ್ನು ಹಸೆಮಣೆಯಿಂದ ನೂಕಿ ತಾನು ಕೂತ. ನಮ್ಮ ಹುಡುಗ ಬದುಕಿದೆಯಾ ಬಡಜೀವ ಅಂತ ಹ್ಯಾಂಡಲ್ ಹಿಡಿದುಕೊಂಡು ತನ್ನ ಹೆಣ್ಣಿನ ಮನೆಗೆ ಓಡಿದ. ಪುಣ್ಯಕ್ಕೆ ಅವನ ಮುಹೂರ್ತ ತಪ್ಪಲಿಲ್ಲ.

ಇಲ್ಲಿ ಹೆಣ್ಣಿನ ಅಪ್ಪ ಸೊಂಟದ ಮೇಲೆ ಕೈಯಿಟ್ಟು ಅಳಿಯನ ಮುಂದೆ ನಿಂತ. “ಯಾಕ್ಲಾ, ಸೈಕಲ್ ಇಲ್ದೆ ಬರಾಕಿಲ್ಲ ಅಂದಿದ್ದೆ?”

ಅಳಿಯ ಹಸೆಮಣೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಏದುಸಿರು ಬಿಡುತ್ತಾ ಹೇಳಿದ:

“ಬ್ಯಾಡ ಕಣ್ ಮಾವಾ! ನಂಗೆ ಸೈಕಲ್ ಒಡಿಯಾಕೇ ಬರಾಕಿಲ್ಲ!”